ಹಿಟ್ಟಿನಲ್ಲಿ ಬಚ್ಚಿಟ್ಟದ್ದು

ಕೋಳಿಯ ಕಾಲು ಬೆಳ್ಳಗಿದೆ — ಒಂದರದ್ದಲ್ಲ, ಮೂರರದ್ದೂ, ಉಮ್ಮ್ ವಹ್ಬಾಳ ಬಾಗಿಲ ಮುಂದೆ ಮಣ್ಣು ಕೆದರುತ್ತಿರುವ ಮೂರು ಕೋಳಿಗಳ ಆರು ಕಾಲೂ ಗಿಣ್ಣಿನ ತನಕ ಬೆಳ್ಳಗೆ, ಹಿಟ್ಟಲ್ಲ, ಹಿಟ್ಟಾಗಿರಲಾರದು, ಹಿಟ್ಟು ಚೆಲ್ಲಿ ಒಂಬತ್ತು ದಿನವಾಯಿತು, ಗುಡಿಸಿದ್ದಾಯಿತು, ನೀರು ಹಾಕಿದ್ದೂ ಆಯಿತು, ಇದು ಕಲ್ಲುಗಣಿಯ ಪುಡಿ, ನೈಲಿನ ಆಚೆ ದಡದಲ್ಲಿ ಸುಣ್ಣಕಲ್ಲಿನ ಗುಡ್ಡ ಕೊಯ್ಯುವ ಗಂಡಸರು ಸಂಜೆ ಮೈತುಂಬ ಹೊತ್ತು ತಂದು ಹೊಸ್ತಿಲ ಹೊರಗೆ ಕೊಡವುವ ಪುಡಿ, ಈ ಊರಿನಲ್ಲಿ ಬೆಳ್ಳಗಿರುವುದೆಲ್ಲ ಹಿಟ್ಟಲ್ಲ ಇನ್ಸಾಫ್, ನೋಡಬೇಡ, ನಡೆ. ಅವಳು ನೋಡಿದಳು. ನಲವತ್ತೇಳು ವರ್ಷದಿಂದ ನೋಡಿಕೊಂಡೇ ಬಂದಿದ್ದಾಳೆ, ಯಾರ ಬಾಗಿಲು ತೆರೆದಿದೆ, ಯಾರದ್ದು ಅರ್ಧ, ತಾನು ಬರುವುದನ್ನು ಕಂಡು ಯಾರು ಒಳಗೆ ಸರಿದರು — ಉಮ್ಮ್ ವಹ್ಬಾಳ ಬಾಗಿಲಿಗೆ ಚಿಲಕ ಬಿದ್ದಿದೆ, ಮುದುಕಿ ಆಗಲೇ ಹೊರಟಿದ್ದಾಳೆ, ಚರ್ಚಿನ ಹಿಂದಿನ ಕೋಣೆಯಲ್ಲಿ ಮೊದಲ ಸಾಲಿನಲ್ಲಿ ಜಾಗ ಹಿಡಿಯಲು, ಜೀವಮಾನದಲ್ಲಿ ಒಂದು ದಿನವೂ ಮಂಗಳವಾರದ ಪಾಠಕ್ಕೆ ಬಾರದವಳು. ತಾಸೋನಿ! ಮಾಳಿಗೆಯ ಮೇಲಿನಿಂದ ದನಿ, ಫೀಬಿ, ಮುದುಕಿಯ ಸೊಸೆ ನಾದ್ರಾಳ ನಾಲ್ಕು ಹೆಣ್ಣುಮಕ್ಕಳಲ್ಲಿ ಹಿರಿಯವಳು, ಹನ್ನೊಂದರ ಹುಡುಗಿ, ರೊಟ್ಟಿಯ ಹಿಟ್ಟು ಉಬ್ಬಲಿಟ್ಟ ಮಣ್ಣಿನ ತಟ್ಟೆಗಳನ್ನು ನೆರಳಿನಿಂದ ಬಿಸಿಲಿಗೆ ಎಳೆಯುತ್ತಿದ್ದಾಳೆ, ಅವಳಮ್ಮ ಮಾಡುತ್ತಿದ್ದ ಕೆಲಸ, ಬಗ್ಗುವುದೂ ಅಮ್ಮನ ಹಾಗೆಯೇ, ಒಂದು ಕೈ ಸೊಂಟಕ್ಕೆ ಕೊಟ್ಟು. ತಾಸೋನಿ, ಅಮ್ಮ ಇವತ್ತು ಮನೆಗೆ ಬರ್ತಾಳಂತೆ, ಹೌದಾ? ಬರ್ತಾಳೆ ಪುಟ್ಟಿ. ನೀವು ಹೇಳಿದ್ರೆ ಬರ್ತಾಳಂತೆ, ಅಜ್ಜಿ ಅಂದ್ಳು, ನೀವು ಹೇಳ್ತೀರಲ್ವಾ? ಹೇಳ್ತೀನಿ ಕಣೆ, ಬಿಸಿಲಿದೆ, ತಲೆ ಮೇಲೆ ಏನಾದ್ರೂ ಹಾಕ್ಕೋ. ತಾಸೋನಿ ಅಂದರೆ ನನ್ನ ಅಕ್ಕ, ಈಗ ಯಾರೂ ಆಡದ ಹಳೆಯ ಭಾಷೆಯ ಒಂದು ಪದ, ಚರ್ಚಿನಲ್ಲಿ ಪಾಠ ಹೇಳುವ ಹೆಂಗಸರಿಗೆ ಅಂಟಿಕೊಂಡು ಉಳಿದದ್ದು, ಎಂಬತ್ತರ ಮುದುಕಿಗೂ ಅವಳು ಅಕ್ಕ, ಹನ್ನೊಂದರ ಹುಡುಗಿಗೂ ಅಕ್ಕ, ಯಾರಿಗೂ ಅಮ್ಮನಲ್ಲ, ಯಾರ ಸೊಸೆಯೂ ಅಲ್ಲ. ಒಂದೇ ಮಾತು ಹೇಳಬೇಕಾದದ್ದು. ಅಂಥ ಹೆಂಗಸು ಯಾರೂ ಇಲ್ಲ, ಅದು ನಾನು ಕಟ್ಟಿದ ಕಥೆ. ಕಾಲುವೆಯ ದಂಡೆ ಹಿಡಿದು ನಡೆಯುತ್ತ ಇನ್ಸಾಫ್ ಆ ಮಾತನ್ನು ಬಾಯಲ್ಲಿ ಹೊರಳಿಸಿದಳು, ಇಪ್ಪತ್ತನಾಲ್ಕು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿದ ಬಾಯಿ, ಕರ್ತೃ ಯಾರು, ಕ್ರಿಯೆ ಯಾವುದು, ಇಲ್ಲ ಎಂಬುದು ಯಾವುದನ್ನು ಇಲ್ಲವಾಗಿಸುತ್ತದೆ, ಹೆಂಗಸನ್ನೋ ಹೆಂಗಸಿನ ಮಾತನ್ನೋ.

ಎಲ್ಲ ಶುರುವಾದದ್ದು ಒಂದು ಪದದಿಂದ. ಬಚ್ಚಿಟ್ಟಳು. ದೇವರ ರಾಜ್ಯ ಯಾವುದರ ಹಾಗಿದೆ ಎಂದರೆ, ಒಬ್ಬ ಹೆಂಗಸು ಹುದುಗುಹಿಟ್ಟು ತೆಗೆದುಕೊಂಡು ಮೂರು ಅಳತೆ ಹಿಟ್ಟಿನಲ್ಲಿ ಬಚ್ಚಿಟ್ಟಳು, ಎಲ್ಲವೂ ಹುದುಗು ಬರುವ ತನಕ — ಒಂದೇ ಸಾಲು, ಮಕ್ಕಳಿಗೆ ಬಾಯಿಪಾಠ, ಸಾವಿರ ಸಲ ಓದಿದ್ದಾಳೆ, ಆ ಪದದ ಮೇಲೆ ಒಂದು ಸಲವೂ ಎಡವಿರಲಿಲ್ಲ. ಕೈರೋದಲ್ಲಿ ಹತ್ತು ದಿನದ ತರಬೇತಿ ಮುಗಿಸಿ ಬಂದಿದ್ದಳು, ಬೈಬಲನ್ನು ಹೆಂಗಸರ ಬದುಕಿನ ಕಡೆಯಿಂದ ಓದುವುದು ಹೇಗೆ ಎಂದು ಅಲ್ಲಿ ಹೇಳಿಕೊಟ್ಟಿದ್ದರು, ಅರ್ಥ ಹೇಳಬೇಡಿ, ಕೇಳಿ, ಇದು ನಿಮ್ಮ ಅಡುಗೆಮನೆಯಲ್ಲಿ ಹೇಗಿರುತ್ತೆ ಅಂತ ಕೇಳಿ, ಅಲ್ಲಿನ ಹೆಂಗಸರಿಗೆ ಕತ್ತರಿಸಿದ ಕೂದಲು, ನಗು ಸಲೀಸು, ಅವಳಿಗೆ ಹತ್ತು ದಿನವೂ ನಿದ್ದೆ ಹತ್ತಿರಲಿಲ್ಲ, ಖುಷಿಗೆ. ಹಾಗೆ ಒಂದು ಮಂಗಳವಾರ ಹದಿನಾಲ್ಕು ಜನ ಹೆಂಗಸರ ಮುಂದೆ ಆ ಸಾಲು ಓದಿ ಕೇಳಿದಳು, ಯಾಕೆ ಬಚ್ಚಿಟ್ಟಳು? ಹುದುಗನ್ನು ಕಲಸ್ತಾರೆ, ನಾದ್ತಾರೆ, ಬಚ್ಚಿಡೋದು ಯಾಕೆ? ಮೊದಲು ಮುಖ ಮುಖ ನೋಡಿಕೊಂಡರು, ತಾಸೋನಿ ಉತ್ತರ ಗೊತ್ತಿದ್ದೇ ಕೇಳುತ್ತಾಳೆ, ತಪ್ಪು ಹೇಳಿ ನಗೆಪಾಟಲು ಯಾಕೆ ಎಂಬ ಹಾಗೆ, ಆಮೇಲೆ ಬಖೀತಾ ಅಜ್ಜಿ, ಹಲ್ಲಿಲ್ಲದ ಬಾಯಿ, ಊರಿನ ಅರ್ಧ ಮಕ್ಕಳನ್ನು ಹಿಡಿದ ಸೂಲಗಿತ್ತಿ, ಕೆಮ್ಮಿದಳು, ಏನ್ ತಾಸೋನಿ, ಇಷ್ಟೂ ಗೊತ್ತಿಲ್ವಾ, ಪಕ್ಕದ ಮನೆಯಿಂದ ಹುದುಗು ಕಡ ತರೋವಾಗ ಮುಸುಕಿನೊಳಗೆ ಬಚ್ಚಿಟ್ಕೊಂಡೇ ತರಬೇಕು, ಕಣ್ಣು ಬಿದ್ರೆ ಹಿಟ್ಟು ಏಳಲ್ಲ, ಹೊತ್ತು ಮುಳುಗಿದ ಮೇಲಂತೂ ಯಾರೂ ಕೊಡಲ್ಲ, ಯೇಸು ಅಮ್ಮ ರೊಟ್ಟಿ ಸುಡೋದು ನೋಡಿದಾನೆ, ಅವನಿಗೆ ಗೊತ್ತು, ನಿಮಗೆ ರೊಟ್ಟಿ ಸುಟ್ಟು ಅಭ್ಯಾಸ ಇದ್ರೆ ತಾನೇ. ನಕ್ಕರು. ಇನ್ಸಾಫಳೂ ನಕ್ಕಳು, ಅಣ್ಣನ ಮನೆಯಲ್ಲಿ ಒಲೆ ಅತ್ತಿಗೆಯದ್ದು, ಹಿಟ್ಟಿನ ಗುಡಾಣವೂ ಅತ್ತಿಗೆಯದ್ದು, ಆದರೂ ಅವಳೊಳಗೆ ಏನೋ ಹತ್ತಿಕೊಂಡಿತ್ತು, ಮುಸುಕು ಎಂದಳಲ್ಲ ಮುದುಕಿ, ಅರಬ್ಬಿಯಲ್ಲಿ ಹುದುಗಿಗೂ ಹೆಂಗಸಿನ ಮುಸುಕಿಗೂ ಒಂದೇ ಬೇರು, ಮುಚ್ಚು ಎಂಬ ಬೇರು, ಪದವಿಗೆ ಓದಿ ತಾನು ಕಲಿತದ್ದನ್ನು ಈ ಮುದುಕಿ ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದಾಳೆ. ಇನ್ನೂ ಹೇಳಿ, ಇನ್ನೂ. ಒಬ್ಬಳು, ಅತ್ತೆ ಕಣ್ಣಿಗೆ ಬೀಳದ ಹಾಗೆ, ಎಷ್ಟು ಹಾಕ್ದೆ ಅಂತ ಬೈತಾಳಲ್ಲ. ಇನ್ನೊಬ್ಬಳು, ಮೂರು ಅಳತೆ ಅಂದ್ರೆ ನೂರು ಜನಕ್ಕೆ ಆಗೋಷ್ಟು ತಾಸೋನಿ, ಆ ತಾಯಿಗೆ ಸಹಾಯಕ್ಕೆ ಒಂದು ನರಪಿಳ್ಳೆ ಇರ್ಲಿಲ್ವಾ, ಮಗನ ಮದುವೇನಾ ಸಾವಿನ ಊಟಾನಾ? ಆಗ ನಾದ್ರಾ. ಬಾಗಿಲ ಬಳಿಯ ಅವಳ ಜಾಗದಿಂದ, ಯಾವಾಗಲೂ ಬಾಗಿಲ ಬಳಿ, ಕರೆ ಬಂದರೆ ಎದ್ದು ಓಡಲು, ಹಿಟ್ಟಿನೊಳಗೆ ಗಂಡಸ್ರು ಕೈ ಹಾಕಲ್ಲ ತಾಸೋನಿ, ಅದಕ್ಕೇ. ಮನೇಲಿ ಬೀಗ ಇಲ್ಲದ ಪೆಟ್ಟಿಗೆ ಅಂದ್ರೆ ಅದೊಂದೇ. ಏನಿಟ್ಟಿದೀಯೆ ಒಳಗೆ, ಬಂಗಾರಾನಾ? ಪಕ್ಕದವಳು ಕೆಣಕಿದಳು. ನಾದ್ರಾ ಮುಸುಕಿನ ಅಂಚು ಕಚ್ಚಿಕೊಂಡಳು, ಕಣ್ಣು ಮಾತ್ರ ನಗುತ್ತಿತ್ತು, ಬಂಗಾರಕ್ಕಿಂತ ಜಾಸ್ತಿ ಕಣೇ, ತಿಂಗಳಿಗೆ ಇಪ್ಪತ್ತೊಂದು, ಬೆಳ್ಳಿ ಹಾಳೇಲಿ ಸುತ್ತಿರೋದು. ಬಸಿರು ತಡೆಯುವ ಮಾತ್ರೆ ಎಂದು ಎಲ್ಲರಿಗೂ ಹೊಳೆಯಿತು. ಆಮೇಲೆ ಕೋಣೆ ಬಿದ್ದುಹೋಗುವ ಹಾಗೆ ನಕ್ಕರು, ಬಖೀತಾ ಅಜ್ಜಿ ತೊಡೆ ತಟ್ಟಿಕೊಂಡು, ಅಯ್ಯೋ ಇವಳ ಮನೆ ಹಾಳಾಗ, ನಿಮ್ಮತ್ತೆ ಗಂಡುಮಗು ಆಗ್ಲಿ ಅಂತ ಸಂತರಿಗೆ ಮೇಣದಬತ್ತಿ ಹಚ್ಚಿ ಹಚ್ಚಿ ಇಟ್ಟಳಲ್ಲೇ! ಹಚ್ಲಿ ಬಿಡಜ್ಜಿ, ಸಂತರಿಗೂ ಬೆಳಕು ಬೇಕಲ್ಲ. ನಾಲ್ಕು ಹೆತ್ತಿದೀನಿ, ನಾಲ್ಕನೇದಕ್ಕೆ ಮೂರು ದಿನ ಕಣ್ಣು ಬಿಟ್ಟಿರ್ಲಿಲ್ಲ ನಾನು, ನೀನೇ ಇದ್ದೆ, ಮರೆತ್ಯಾ? ನಗು ನಿಂತಿತು. ಬಖೀತಾ ಅಜ್ಜಿ, ಇಲ್ಲ, ಮರೆತಿಲ್ಲ ಮಗಳೇ, ಎಂದಳು. ಮತ್ತೆ ನಾದ್ರಾ, ಮೆಲ್ಲಗೆ, ದೇವರ ರಾಜ್ಯ ಹಾಗೆ ಅಂದ್ರೆ ದೇವರಿಗೂ ಯಾರ್ದೋ ಭಯ ಇರಬೇಕು ಅಲ್ವಾ ತಾಸೋನಿ, ಬಚ್ಚಿಡ್ತಾನಲ್ಲ. ಆ ಮಾತು, ಆ ಒಂದು ಮಾತು, ಯಾವ ಪಾದ್ರಿಯ ಬಾಯಲ್ಲೂ ಇನ್ಸಾಫ್ ಕೇಳಿರಲಿಲ್ಲ, ನೋಟುಪುಸ್ತಕ ತೆಗೆದು ಬರೆದುಕೊಂಡಳು. ಅಲ್ಲಿಯೇ. ಎಲ್ಲರ ಎದುರಿಗೇ. ಬರೆಯುವುದನ್ನು ನಾದ್ರಾ ನೋಡಿದಳು — ಹೆಮ್ಮೆ ಎಂದುಕೊಂಡೆಯಲ್ಲ ಇನ್ಸಾಫ್, ಅವಳ ಮುಖದ ಮೇಲಿದ್ದದ್ದು ಹೆಮ್ಮೆ ಎಂದು ಓದಿದೆಯಲ್ಲ, ಇಷ್ಟು ಓದಿದವಳು.

ಹೆಸರು ಹೇಳಿರಲಿಲ್ಲ. ಇದನ್ನು ಅವಳು ಒಂಬತ್ತು ದಿನದಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದಾಳೆ, ಅಹವಾಲು ಕೇಳದೆ ಎದ್ದುಹೋದ ನ್ಯಾಯಾಧೀಶನ ಹಿಂದೆ ಓಡುವವಳ ಹಾಗೆ, ಹೆಸರು ಹೇಳಿರಲಿಲ್ಲ ಸ್ವಾಮಿ, ಹೆಸರು ಹೇಳಿರಲಿಲ್ಲ. ಪಟ್ಟಣದಲ್ಲಿ ಪಾಠ ಹೇಳುವ ಹೆಂಗಸರ ಸಭೆ, ಎಪ್ಪತ್ತು ಎಂಬತ್ತು ಜನ, ನಿಮ್ಮ ಅನುಭವ ಓದಿ ತಾಸೋನಿ ಎಂದರು, ಮೂರು ಸಲ ತಿದ್ದಿ ಬರೆದುಕೊಂಡು ಹೋಗಿದ್ದಳು, ಅವಳು ಎಂದಾದರೂ ತಿದ್ದದೆ ಬರೆದದ್ದುಂಟೇ, ನಾದ್ರಾ ಎಂಬ ಹೆಸರಿನ ಮೇಲೆ ಗೆರೆ ಎಳೆದು, ಅಡಿಯಲ್ಲಿ, ಒಬ್ಬ ಹೆಂಗಸು. ಆ ಸಾಲಿನಲ್ಲಿ ಇರುವ ಹಾಗೆಯೇ. ಯೇಸುವೂ ಹೆಸರು ಹೇಳಲಿಲ್ಲವಲ್ಲ, ಎಷ್ಟು ಚೆಂದ ಹೊಂದಿತು ಎಂದು ಆಗ ಮೈ ಜುಮ್ಮೆಂದಿತ್ತು. ಒಬ್ಬ ಹೆಂಗಸು, ನಾಲ್ಕು ಹೆಣ್ಣುಮಕ್ಕಳ ತಾಯಿ, ಗಂಡ ಕಲ್ಲುಗಣಿಯಲ್ಲಿ. ಈ ಊರಿನಲ್ಲಿ ಗಣಿಗೆ ಹೋಗುವ ಗಂಡಂದಿರು ಇನ್ನೂರು ಜನ ಸಿಕ್ಕಾರು, ನಾಲ್ಕು ಹೆಣ್ಣು ಹೆತ್ತು ಗಂಡಿಲ್ಲದವಳು, ಮಂಗಳವಾರದ ಪಾಠಕ್ಕೆ ಬರುವವಳು, ಒಬ್ಬಳೇ. ಮೂರು ಎಂದು ಬರೆದಿದ್ದರೆ? ಐದು ಎಂದು? ಪೆನ್ನು ಅಲ್ಲಿ ಒಂದು ಕ್ಷಣ ನಿಂತಿತ್ತು, ಅದೂ ನೆನಪಿದೆ, ನಾಲ್ಕು ಎಂಬುದರ ಮೇಲೆ ನಿಂತು, ಇಲ್ಲ, ನಡೆದದ್ದನ್ನು ಬದಲಿಸಬಾರದು, ಸುಳ್ಳಾಗುತ್ತದೆ ಎಂದು ಮುಂದೆ ಹೋಗಿತ್ತು, ಅಂದು ನಾಲ್ಕನ್ನು ಮೂರು ಮಾಡಲು ಒಪ್ಪದ ಕೈ ಇಂದು ಹೆಂಗಸನ್ನೇ ಇಲ್ಲ ಮಾಡಲು ಹೊರಟಿದೆ. ಯಾರೋ ಫೋನಿನಲ್ಲಿ ಅವಳ ದನಿ ಹಿಡಿದುಕೊಂಡಿದ್ದರು. ಒಳ್ಳೆಯ ಮನಸ್ಸಿನಿಂದಲೇ ಇರಬೇಕು, ಕೇಳಿ ಎಷ್ಟು ಚೆನ್ನಾಗಿ ಮಾತಾಡ್ತಾರೆ ಅಂತ ಅಕ್ಕನಿಗೆ ಕಳಿಸಿದರು, ಅಕ್ಕ ನಾದಿನಿಗೆ, ನಾದಿನಿ ಊರಿನ ಗುಂಪಿಗೆ, ನಾಲ್ಕು ದಿನ ಹಿಡಿಯಿತು, ಎಲ್ಲವೂ ಹುದುಗು ಬರುವ ತನಕ. ಉಮ್ಮ್ ವಹ್ಬಾಳ ಮಗಳು ಅಮ್ಮನ ಕಿವಿಗೆ ಫೋನು ಹಿಡಿದಳು. ಉಮ್ಮ್ ಎಂದರೆ ತಾಯಿ, ಮಗ ವಹ್ಬಾನ ಹೆಸರಿನಿಂದ ಕರೆಸಿಕೊಳ್ಳುವ ಆ ಮುದುಕಿ, ಸೊಸೆಯನ್ನು ಉಮ್ಮ್ ಫೀಬಿ ಎಂದು ಯಾರಾದರೂ ಕರೆದರೆ, ಗಂಡು ಹೆರಲಿ ಆಮೇಲೆ ಉಮ್ಮ್ ಎನ್ನಿ, ಈಗ ಬರೀ ನಾದ್ರಾ ಸಾಕು ಎನ್ನುವವಳು, ಚರ್ಚಿನಲ್ಲಿ ಪರಮಪ್ರಸಾದಕ್ಕೆ ಸಾಲು ಏಳುವಾಗ ಬೆಂಚಿನಲ್ಲಿ ಯಾರು ಉಳಿದರು ಎಂದು ಕತ್ತು ತಿರುಗಿಸಿ ನೋಡುವವಳು, ಮುಟ್ಟಾದವರು ಪ್ರಸಾದಕ್ಕೆ ಏಳುವಂತಿಲ್ಲವಲ್ಲ, ತಿಂಗಳು ತಿಂಗಳು ನಾದ್ರಾ ಕೂತೇ ಇರುವುದನ್ನು ನೋಡಿ, ಈ ತಿಂಗಳೂ ಇಲ್ಲ ಎಂದು ಇಡೀ ಚರ್ಚಿಗೆ ಕೇಳುವ ಹಾಗೆ ಉಸಿರು ಬಿಡುವವಳು — ಆ ಕಿವಿಗೆ ಇನ್ಸಾಫಳ ದನಿ, ತಿದ್ದಿದ ದನಿ, ಒಂದು ಸ್ವರ ತಪ್ಪದ ದನಿ, ಕೊನೆಗೆ ಚಪ್ಪಾಳೆ. ಚಪ್ಪಾಳೆಯೂ ಇತ್ತು ಆ ಫೋನಿನಲ್ಲಿ. ತುಂಬ ಹೊತ್ತು ತಟ್ಟಿದ್ದರು.

ಗೊತ್ತಾದದ್ದು ಕೋಳಿಯಿಂದ. ಬೆಳಿಗ್ಗೆ ಹತ್ತು ಗಂಟೆ ಇರಬೇಕು, ಭಾನುವಾರ, ಅತ್ತಿಗೆ ಹೊಸ್ತಿಲಲ್ಲಿ ನಿಂತು, ಇದ್ಯಾರ ಮನೆ ಕೋಳಿ, ಹಿಟ್ಟು ಮೆಟ್ಟಿ ಬಂದಿದೆ ನೋಡಿ ಇನ್ಸಾಫ್, ಯಾವಳಿಗೆ ಹಿಟ್ಟು ಹೆಚ್ಚಾಯಿತೋ. ಕಪ್ಪು ಕಲ್ಲಿನ ಹೊಸ್ತಿಲ ಮೇಲೆ ಮೂರು ಬೆರಳಿನ ಬಿಳಿ ಹೆಜ್ಜೆ, ಒಂದು, ಎರಡು, ಒಳಗೆ ಬಂದಂತೆ ಇನ್ನೂ ಎರಡು, ಹೊರಗೆ ನೋಡಿದರೆ ಓಣಿಯುದ್ದಕ್ಕೂ ಅದೇ ಹೆಜ್ಜೆ, ಅಚ್ಚೊತ್ತಿದ ಹಾಗೆ, ಅದನ್ನೇ ಹಿಡಿದು ನಡೆದರೆ ಉಮ್ಮ್ ವಹ್ಬಾಳ ಅಂಗಳ. ಗುಡಾಣ ಬೋರಲು ಬಿದ್ದಿತ್ತು. ತಿಂಗಳ ಹಿಟ್ಟು ಅಂಗಳದ ತುಂಬ, ಅದರ ನಡುವೆ ಮುದುಕಿ ಮೊಣಕೈವರೆಗೆ ಬೆಳ್ಳಗಾಗಿ ಕೂತು ಜರಡಿ ಹಿಡಿಯುತ್ತಿದ್ದಳು, ಹಿಟ್ಟನ್ನಲ್ಲ, ಸೊಸೆಯನ್ನು ಜರಡಿ ಹಿಡಿಯುತ್ತಿದ್ದಳು, ಎಲ್ಲಿಟ್ಟಿದೀಯೆ, ಎಲ್ಲಿಟ್ಟಿದೀಯೆ ನನ್ನ ಮೊಮ್ಮಗನ್ನ, ವಹ್ಬಾ ಬಾಗಿಲಿಗೊರಗಿ ನಿಂತಿದ್ದ, ಕೆಲಸ ಅರ್ಧಕ್ಕೆ ಬಿಟ್ಟು ಬಂದವನು, ಗಣಿಯ ಪುಡಿ ರೆಪ್ಪೆಯ ತನಕ, ತಾಯಿ ಬಿಳಿ, ಮಗ ಬಿಳಿ, ನೆಲ ಬಿಳಿ, ನಾದ್ರಾಳ ಬಾಯಿಯ ಮೂಲೆ ಒಂದೇ ಕೆಂಪು. ಹಿಟ್ಟಿನಲ್ಲಿ ಏನೂ ಸಿಗಲಿಲ್ಲ. ಒಂದು ಮಾತ್ರೆಯೂ ಇಲ್ಲ. ಸಿಗಲಿಲ್ಲ ಎಂದು ಮುದುಕಿಯ ಸಿಟ್ಟು ಇನ್ನೂ ಹೆಚ್ಚಾಯಿತು, ನಾದ್ರಾಳನ್ನು ಮೈಮೇಲಿನ ಬಟ್ಟೆಯಲ್ಲಿ ತವರಿಗೆ ಅಟ್ಟಿದರು, ಮಕ್ಕಳು ಇಲ್ಲೇ. ಇನ್ಸಾಫ್ ಬೇಲಿಯ ಆಚೆ ನಿಂತಿದ್ದಳು. ಒಳಗೆ ಹೋಗಲಿಲ್ಲ. ಕೈಯಲ್ಲಿ ಮನೆಯಿಂದ ತಂದ ಒದ್ದೆ ಬಟ್ಟೆ ಇತ್ತು, ಹೊಸ್ತಿಲು ಒರೆಸಲು ತೆಗೆದುಕೊಂಡದ್ದು, ಅದನ್ನು ಹಿಡಿದುಕೊಂಡೇ ಹಿಂದಿರುಗಿ ಹೊಸ್ತಿಲು ಒರೆಸಿದಳು, ಹಿಟ್ಟಿಗೆ ನೀರು ತಾಗಿ ಅಂಟಾಯಿತು, ಒರೆಸಿದಷ್ಟೂ ಹರಡಿತು. ಮೂರನೆಯ ದಿನ ಚರ್ಚಿನ ಪಾದ್ರಿ ಅಬೂನಾ ಬೀಸೆಂತಿ ಹೇಳಿಕಳಿಸಿದರು. ಕೆಟ್ಟ ಮನುಷ್ಯರಲ್ಲ ಅವರು, ಅದೇ ಕಷ್ಟ, ಕೆಟ್ಟವರಾಗಿದ್ದರೆ ಒಂದು ಮಾತು ಎದುರಾಡಬಹುದಿತ್ತು, ಟೀ ತರಿಸಿದರು, ಎರಡು ಚಮಚ ಸಕ್ಕರೆ ತಾವೇ ಹಾಕಿ ಕಲಕಿಕೊಟ್ಟರು, ಮಾತ್ರೆ ತಗೊಳ್ಳೋದು ಪಾಪ ಅಂತ ನಾನು ಹೇಳ್ತಿಲ್ಲ ಇನ್ಸಾಫ್, ನಿಮಗೆ ಗೊತ್ತು, ಆದ್ರೆ ಮನೆ ಅಂದ್ಮೇಲೆ ಒಂದು ಮುಚ್ಚಳ ಇರುತ್ತೆ, ನೀವು ತೆಗೆದ್ರಿ. ವಹ್ಬಾನ ಜೊತೆ ಮಾತಾಡಿದೀನಿ. ಅವನಿಗೆ ಹೆಂಡತಿ ಬೇಕು, ತಾಯಿಗೆ ಮರ್ಯಾದೆ ಬೇಕು. ನಮ್ಮಲ್ಲಿ ಬಿಡುಗಡೆ ಇಲ್ಲ, ಇನ್ನೊಂದು ಮದುವೆ ಇಲ್ಲ, ಈ ಹುಡುಗಿ ಸಾಯೋ ತನಕ ಅಪ್ಪನ ಮನೆ ಮೂಲೇಲಿ ಕೂತಿರ್ತಾಳೆ, ಮಕ್ಕಳ ಮುಖ ಕಾಣಲ್ಲ, ಆಗಬಹುದಾ? ಮುದುಕಿ ಒಂದೇ ಮಾತಿಗೆ ಒಪ್ಪಿದಾಳೆ, ಪಾಠದಲ್ಲಿ ಎಲ್ಲರ ಮುಂದೆ ನೀವು ಹೇಳ್ಬೇಕು, ಅದು ಕಟ್ಟುಕಥೆ, ಅಂಥ ಹೆಂಗಸು ಇಲ್ಲ ಅಂತ. ಸುಳ್ಳು ಹೇಳ್ಲಾ ಅಬೂನಾ? ಅವರು ಗಡ್ಡ ಸವರಿಕೊಂಡರು, ದೃಷ್ಟಾಂತ ಅನ್ನಿ. ಆಮೇಲೆ ಮೇಜಿನ ಖಾನೆಯಿಂದ ಪುಸ್ತಕ ತೆಗೆದರು, ಅಚ್ಚು ಮಾಡಿದ ಪಾಠದ ಪುಸ್ತಕ, ಇನ್ಮೇಲೆ ಇದರಲ್ಲಿರೋದು ಓದಿಬಿಡಿ, ಪ್ರಶ್ನೆ ಬೇಡ, ಪ್ರಶ್ನೆ ಕೇಳಿದ್ರೆ ತಾನೇ ಉತ್ತರ ಬರೋದು.

ನಿನ್ನೆ ಹೋದದ್ದು ನಾದ್ರಾಳ ಅಪ್ಪನ ಮನೆಗೆ. ಕಾಲುವೆಯ ಕೊನೆ, ಎಮ್ಮೆ ಕಟ್ಟುವ ಕೊಟ್ಟಿಗೆಯ ಪಕ್ಕದ ಕೋಣೆ, ನಾದ್ರಾ ಮೊಲೊಕಿಯಾ ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ, ಕೂತ್ಕೊಳ್ಳಿ ತಾಸೋನಿ ಎಂದಳು, ದನಿಯಲ್ಲಿ ಏನೂ ಇರಲಿಲ್ಲ, ತೊಳೆದಿಟ್ಟ ಪಾತ್ರೆಯ ಹಾಗೆ. ಇನ್ಸಾಫ್ ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದಳು, ನೀನು ಬೇಡ ಅಂದರೆ ನಾನು ಹೇಳುವುದಿಲ್ಲ, ನೀನು ಆಡಿದ ಮಾತು ಸತ್ಯ, ಅದನ್ನು ಇಲ್ಲ ಅನ್ನಲು ನನಗೆ ಬಾಯಿ ಬಾರದು — ಎಷ್ಟು ಚೆಂದದ ಮಾತು, ಎಂಬತ್ತು ಜನ ಚಪ್ಪಾಳೆ ತಟ್ಟುವಂಥದ್ದು. ಹೇಳಿಬಿಡಿ, ನಾದ್ರಾ ಎಂದಳು. ಏನು? ಇಲ್ಲ ಅಂತ ಹೇಳಿಬಿಡಿ ತಾಸೋನಿ, ನಿಮಗೇನು, ಒಂದು ಮಾತು. ಚಿಕ್ಕವಳಿಗೆ ಜ್ವರವಂತೆ, ಫೀಬಿ ಗೋಡೆ ಹಾರಿ ಬಂದು ಹೇಳಿ ಹೋದ್ಳು. ನನ್ನ ಮಾತು ಸತ್ಯಾನೋ ಸುಳ್ಳೋ, ಅದನ್ನ ಇಟ್ಕೊಂಡು ನಾನೇನು ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ? ಸೊಪ್ಪಿನ ದಂಟು ಮುರಿಯುವ ಸದ್ದು, ಟಕ್, ಟಕ್. ನಾನು ಅಂದದ್ದು ಅಲ್ಲಿ ಕೂತಿದ್ದವರಿಗೆ. ಅವರೆಲ್ಲ ನನ್ನ ಹಾಗೆ ಇರೋರು. ಅವರು ಯಾರೂ ಬರಕೊಳ್ಲಿಲ್ಲ. ಇನ್ಸಾಫ್ ಅಂದಳು, ನಾನು ನಿನ್ನ ಹೆಸರು ಹೇಳಿಲ್ಲ ನಾದ್ರಾ. ನಾದ್ರಾ ಆಗ ತಲೆ ಎತ್ತಿದಳು, ತುಟಿಯ ಗಾಯ ಹೊಪ್ಪಳೆ ಕಟ್ಟಿತ್ತು, ಹೌದು, ಹೆಸರು ಇಲ್ಲದೇನೇ ಏಟು ತಿಂದೆ. ಎಮ್ಮೆ ಬಾಲ ಬೀಸಿತು. ಆಮೇಲೆ ನಾದ್ರಾಳೇ, ಕಣ್ಣಿನಲ್ಲಿ ಒಂದು ಚಣ ಹಳೆಯ ನಗುವಿನ ಬಾಲ ಕಂಡು ಮಾಯವಾಯಿತು, ಹಿಟ್ಟಿನಲ್ಲಿ ಇರ್ಲಿಲ್ಲ ಅಂತ ನಿಮಗೆ ಆಶ್ಚರ್ಯ ಆಗ್ಲಿಲ್ವಾ? ಅವತ್ತು ನೀವು ಬರಕೊಂಡಾಗ್ಲೇ ತೆಗೆದೆ, ಮನೆಗೆ ಹೋದವಳೇ ತೆಗೆದೆ. ಎದ್ದು ಗೂಡಿನಿಂದ ಬೈಬಲು ತಂದಳು, ಇನ್ಸಾಫಳೇ ಹೋದ ವರ್ಷ ಪಾಠದ ಹದಿನಾಲ್ಕು ಜನಕ್ಕೂ ಕೊಟ್ಟದ್ದು, ಜಿಪ್ ಹಾಕಿದ ಕಂದು ಹೊದಿಕೆ. ಜಿಪ್ ಎಳೆದಳು. ಹೊದಿಕೆಯ ಒಳಜೇಬಿನಿಂದ ಬೆಳ್ಳಿ ಹಾಳೆಯ ಅಂಚು ಮಿಂಚಿತು. ಗುಡಾಣದಲ್ಲಿ ಅತ್ತೆ ಕೈ ಹಾಕ್ತಾಳೆ ತಾಸೋನಿ, ಇದರೊಳಗೆ ನಮ್ಮನೇಲಿ ಯಾರೂ ಕೈ ಹಾಕಲ್ಲ. ಅವತ್ತು ಹುಡುಕೋವಾಗ ಕೈಗೆ ಸಿಕ್ತು ಅವಳಿಗೆ, ಕಣ್ಣಿಗೊತ್ತಿಕೊಂಡು ಮುತ್ತು ಕೊಟ್ಟು ಗೋಡೆ ಗೂಡಲ್ಲಿಟ್ಟು ಮತ್ತೆ ಹಿಟ್ಟು ಕೆದಕಿದ್ಳು. ಹೊರಡೋವಾಗ ಇದೊಂದು ತಗೊಂಡು ಹೋಗ್ತೀನಿ ಅಂದೆ, ದೇವರ ಪುಸ್ತಕ, ಬೇಡ ಅನ್ನಕ್ಕಾಗುತ್ತಾ. ಜಿಪ್ ಮುಚ್ಚಿದಳು. ಇದನ್ನಾದ್ರೂ ಎಲ್ಲೂ ಬರೀಬೇಡಿ.

ಕೋಣೆ ತುಂಬಿದೆ. ಹದಿನಾಲ್ಕಲ್ಲ, ಮೂವತ್ತು ಇರಬಹುದು, ಪಾಠಕ್ಕೆ ಬಾರದವರೆಲ್ಲ ಇಂದು ಬಂದಿದ್ದಾರೆ, ಫ್ಯಾನು ತಿರುಗುತ್ತಿದೆ, ಕಪ್ಪು ಮುಸುಕುಗಳು, ಒಲೆಹೊಗೆಯ ವಾಸನೆ, ಮುಂದಿನ ಸಾಲಿನಲ್ಲಿ ಉಮ್ಮ್ ವಹ್ಬಾ, ಮೊಣಕಾಲಿನ ಮೇಲೆ ಎರಡು ಕೈ, ಆ ಕೈ ಈಗ ಬೆಳ್ಳಗಿಲ್ಲ, ಬಾಗಿಲ ಬಳಿ ನಾದ್ರಾ, ಮಡಿಲಲ್ಲಿ ಕಂದು ಹೊದಿಕೆಯ ಬೈಬಲು, ಬಾಗಿಲ ಹೊರಗೆ ಅಬೂನಾರ ಕಪ್ಪು ನಿಲುವಂಗಿಯ ಅಂಚು ಕಾಣುತ್ತಿದೆ, ಒಳಗೆ ಬರುವುದಿಲ್ಲ ಅವರು, ಹೆಂಗಸರ ಪಾಠ. ಪ್ರಾರ್ಥನೆ ಮುಗಿಯಿತು. ಏನು ತಾಸೋನಿ, ಹೇಳೋದು ಇತ್ತಂತಲ್ಲ, ಉಮ್ಮ್ ವಹ್ಬಾ, ಒಲೆ ಮೇಲೆ ಸಾರು ಬಿಟ್ಟು ಬಂದಿದೀನಿ. ಇತ್ತು. ಹೇಳು ಇನ್ಸಾಫ್. ನಿನ್ನ ಹೆಸರಿನ ಅರ್ಥ ನ್ಯಾಯ, ಅಪ್ಪ ಇಟ್ಟ ಹೆಸರು, ಅಪ್ಪ ಹೋಗಿ ಎಷ್ಟು ವರ್ಷವಾಯಿತು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿದೆ, ಅಂಟು, ಹಿಟ್ಟಿನ ಅಂಟು — ಪಟ್ಟಣದಲ್ಲಿ ನಾನು ಓದಿದ್ದು, ಫೋನಿನಲ್ಲಿ ನೀವೆಲ್ಲ ಕೇಳಿದ್ದು, ಅದು ನಾನು ಕಟ್ಟಿದ ಕಥೆ. ಅಂಥ ಹೆಂಗಸು ಯಾರೂ ಇಲ್ಲ. ಈ ಕೋಣೆಯಲ್ಲಿ ಯಾರೂ ಅಂಥ ಮಾತು ಆಡಿಲ್ಲ. ಮೂರನೆಯ ವಾಕ್ಯ ಯಾರೂ ಕೇಳಿರಲಿಲ್ಲ, ತಾನೇ ಸೇರಿಸಿದಳು, ಯಾಕೆ ಸೇರಿಸಿದಳು, ಪೂರ್ತಿ ಮಾಡುವ ಚಟ, ವಾಕ್ಯ ಅರ್ಧಕ್ಕೆ ನಿಲ್ಲಬಾರದೆಂಬ ಚಟ. ಫ್ಯಾನಿನ ಸದ್ದು. ಉಮ್ಮ್ ವಹ್ಬಾ ಮೆಲ್ಲಗೆ ಹಿಂದಕ್ಕೆ ತಿರುಗಿದಳು, ಸಾಲು ಸಾಲಾಗಿ ಮುಖ ನೋಡಿದಳು, ಹೌದೇನ್ರೇ? ಯಾರೂ ಆಡಿಲ್ವಾ? ಅವತ್ತು ಕೂತಿದ್ದ ಹದಿಮೂರು ಮುಖಗಳು. ಬಿದ್ದು ಬಿದ್ದು ನಕ್ಕಿದ್ದ ಮುಖಗಳು. ಬಖೀತಾ ಅಜ್ಜಿ ಕೆಮ್ಮಿ ಗಂಟಲು ಸರಿಮಾಡಿಕೊಂಡಳು, ಯಾರೂ ಆಡಿಲ್ಲ ಕಣೇ ಉಮ್ಮ್ ವಹ್ಬಾ, ನಾವು ರೊಟ್ಟಿ ಸುಡೋ ಮಾತಾಡಿದ್ವಿ, ಹುದುಗು ಯಾಕೆ ಏಳಲ್ಲ ಅಂತ. ಹೌದು, ಯಾರೂ ಇಲ್ಲ, ಪಕ್ಕದವಳು. ಯಾರೂ ಇಲ್ಲಪ್ಪ. ಅಂಥವಳು ಎಲ್ಲಿರ್ತಾಳೆ. ಒಬ್ಬೊಬ್ಬರ ಬಾಯಿಂದಲೂ ಬಂತು, ಸಲೀಸಾಗಿ ಬಂತು, ಇನ್ಸಾಫಳ ಹಾಗೆ ಯಾರ ನಾಲಿಗೆಯೂ ಒಣಗಲಿಲ್ಲ, ಎಷ್ಟು ಕಾಲದಿಂದ ಅಭ್ಯಾಸ ಇರಬೇಕು ಇವರಿಗೆ, ಇವರ ಅಮ್ಮಂದಿರಿಗೆ, ಕೊನೆಗೆ ಬಾಗಿಲ ಬಳಿಯಿಂದ ನಾದ್ರಾಳ ದನಿ, ಯಾರೂ ಇಲ್ಲ ಅತ್ತೆ. ಅವಳೂ ಅಂದಳು. ತನ್ನನ್ನು ತಾನೇ. ಮುದುಕಿ ಎದ್ದಳು, ಮೊಣಕಾಲು ಹಿಡಿದುಕೊಂಡು, ನಂಬಿದಳೋ ಇಲ್ಲವೋ, ಅವಳಿಗೆ ಬೇಕಿದ್ದದ್ದು ನಂಬಿಕೆಯಲ್ಲ, ಮದುವೆ ಆಗದೇ ಇರೋರಿಗೆ ಹಿಟ್ಟಿನ ಗುಡಾಣದ ಉಸಾಬರಿ ಯಾಕೆ ಅಂತ ನಾನು ಆವಾಗ್ಲೇ ಅಂದೆ, ದೇವರು ಕ್ಷಮಿಸ್ಲಿ ನಿಮ್ಮನ್ನ ತಾಸೋನಿ. ಬಾಗಿಲಿಗೆ ಹೋಗಿ ನಾದ್ರಾಳ ಮುಂದೆ ಕೈ ಚಾಚಿದಳು, ನಾದ್ರಾ ಆ ಕೈಗೆ ಮುತ್ತಿಟ್ಟಳು, ನಡಿಯೇ, ಮಗು ಒದ್ದಾಡ್ತಿದೆ, ಕೊಡು ಅದನ್ನ, ಏಳೋಕಾಗಲ್ವಾ, ಮಡಿಲಿನಿಂದ ಬೈಬಲು ತೆಗೆದುಕೊಂಡಳು, ಕಣ್ಣಿಗೊತ್ತಿಕೊಂಡಳು, ಜಿಪ್ಪಿನ ಮೇಲೆ ಮುತ್ತಿಟ್ಟು ಕಂಕುಳಲ್ಲಿ ಸಿಕ್ಕಿಸಿಕೊಂಡು ಮುಂದೆ ನಡೆದಳು. ನಾದ್ರಾ ಹಿಂದೆ. ಅವಳು ತಿರುಗಿ ಇನ್ಸಾಫಳ ಕಡೆ ನೋಡಲಿಲ್ಲ, ಬಖೀತಾ ಅಜ್ಜಿಯ ಕಡೆ ನೋಡಿದಳು, ಆ ನೋಟದಲ್ಲಿ ಏನಿತ್ತೆಂದು ಇನ್ಸಾಫಳಿಗೆ ಓದಲು ಬರಲಿಲ್ಲ, ಅದು ಅವಳಿಗೆ ಬರೆದದ್ದಲ್ಲ. ಪಾಠ ಓದಿ ತಾಸೋನಿ, ಹೊತ್ತಾಯ್ತು, ಅಂದಳು ಹಿಂದಿನ ಸಾಲಿನವಳು. ಅಚ್ಚಿನ ಪುಸ್ತಕ ತೆರೆದಳು, ಅಬೂನಾ ಗುರುತಿಗೆ ಹಾಳೆ ಮಡಿಸಿಕೊಟ್ಟಿದ್ದರು, ಅದೇ ಸಾಲು, ಅದೇ, ಅಡಿಯಲ್ಲಿ ಅರ್ಥ, ಇಲ್ಲಿ ಹೆಂಗಸು ಎಂದರೆ ಹೆಂಗಸಲ್ಲ, ಹೆಂಗಸು ಎಂದರೆ ಸಭೆ, ಮೂರು ಅಳತೆ ಎಂದರೆ ದೇಹ, ಮನಸ್ಸು, ಆತ್ಮ, ಅವಳು ಓದಿದಳು, ಸ್ವರ ತಪ್ಪದೆ ಓದಿದಳು, ಮೂವತ್ತು ಜನ ಕೇಳಿದರು, ಯಾರ ಮುಖದ ಮೇಲೂ ಏನೂ ಇಲ್ಲ, ತೊಳೆದಿಟ್ಟ ಪಾತ್ರೆಗಳು, ಇನ್ನು ಮುಂದೆ ಯಾರೂ ಈ ಕೋಣೆಯಲ್ಲಿ ಬಾಯಿ ಬಿಡುವುದಿಲ್ಲ, ಬಿಡುತ್ತಾರೆ, ಬಾಗಿಲಾಚೆ, ಒಲೆಯ ಮುಂದೆ, ಅವಳು ಇಲ್ಲದ ಕಡೆ, ಯಾಕೆ ಬಚ್ಚಿಟ್ಟಳು ಎಂದು ಕೇಳಿದ್ದೆಯಲ್ಲ, ನಿನ್ನಂಥವಳಿಂದ, ನಿನ್ನಂಥವಳಿಂದ ಬಚ್ಚಿಟ್ಟಳು, ಮತ್ತೊಮ್ಮೆ ಮೊದಲಿನಿಂದ ಓದಿ ಎಂದರು ಯಾರೋ, ಒಬ್ಬ ಹೆಂಗಸು, ಅವಳು ಓದಿದಳು, ಒಬ್ಬ ಹೆಂಗಸು, ಮುಂದಿನ ಪದ ಕಣ್ಣಿನ ಎದುರಿಗೇ ಇದೆ, ಬರುತ್ತಿಲ್ಲ, ಒಬ್ಬ ಹೆಂಗಸು — ಕಪ್ಪು ಕಲ್ಲಿನ ಹೊಸ್ತಿಲು, ಅದರ ಮೇಲೆ ಮೂರು ಬೆರಳಿನ ಬಿಳಿ ಹೆಜ್ಜೆ, ಒಳಗೆ ಬಂದಂತೆ ಇನ್ನೂ ಎರಡು, ಒದ್ದೆ ಬಟ್ಟೆ, ಒರೆಸು, ಅಂಟು, ಒರೆಸು, ಮೂರು ಬೆರಳು, ಬಿಳಿ